ಹಬೆಯ ಜೊತೆ ಹಾರುವ ದುಡ್ಡು

ಮಕ್ಕಳೇ, ಇವತ್ತು ನಾವು ದೂರ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಮನೆಯ ಅಡುಗೆಕಟ್ಟೆಯ ಕೆಳಗೆ ಕೂತಿದೆಯಲ್ಲ, ಕೆಂಪು ಗ್ಯಾಸ್ ಸಿಲಿಂಡರ್, ಅದರ ಎದುರು ಹತ್ತು ನಿಮಿಷ ಕೂತರೆ ಸಾಕು. ಮನೆಯ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ರೆಗ್ಯುಲೇಟರ್, ಪೈಪು, ಒಲೆಯ ತಿರುಗುಗುಂಡಿ, ಇವಕ್ಕೆಲ್ಲ ಕೈ ಹಾಕುವುದು ಅವರ ಕೆಲಸ. ನೋಡುವುದು, ಅಳೆಯುವುದು, ಲೆಕ್ಕ ಹಾಕುವುದು ನಮ್ಮ ಕೆಲಸ.

ಮೊದಲು ಸಿಲಿಂಡರಿನ ಮೈಮೇಲಿರುವ ಅಂಕಿಗಳನ್ನು ಓದೋಣ. ಒಳಗೆ ತುಂಬಿರುವ ಗ್ಯಾಸಿನ ತೂಕ 14.2 ಕಿಲೋ ಎಂದು ಒಂದು ಕಡೆ ಬರೆದಿರುತ್ತದೆ. ಇನ್ನೊಂದು ಕಡೆ, ಸಾಮಾನ್ಯವಾಗಿ ಮೇಲಿನ ಹಿಡಿಯ ಪಟ್ಟಿಯ ಮೇಲೆ, ಖಾಲಿ ಸಿಲಿಂಡರಿನ ತೂಕ ಇರುತ್ತದೆ. ಅದು 15 ಕಿಲೋ ಚಿಲ್ಲರೆಯೋ 16 ಕಿಲೋ ಚಿಲ್ಲರೆಯೋ ಇದ್ದೀತು, ಸಿಲಿಂಡರಿನಿಂದ ಸಿಲಿಂಡರಿಗೆ ಬೇರೆ. ಹೊಸ ಸಿಲಿಂಡರ್ ತಂದುಕೊಡುವವರ ಹತ್ತಿರ ತೂಗುವ ಕೊಕ್ಕೆ ಇರುತ್ತದೆ. ಒಮ್ಮೆ ತೂಗಿ ತೋರಿಸಿ ಎಂದು ಕೇಳಬಹುದು. ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ 14.2 ಬರಬೇಕು. ಶಾಲೆಯಲ್ಲಿ ಕಲಿತ ದಶಮಾಂಶದ ಕಳೆಯುವ ಲೆಕ್ಕ ಬಾಗಿಲಿಗೇ ಬಂದು ನಿಂತಂತಾಯಿತು!

ಅದೇ ಪಟ್ಟಿಯ ಮೇಲೆ ಒಂದು ಅಕ್ಷರ, ಅದರ ಪಕ್ಕ ಎರಡು ಅಂಕಿ ಕಾಣುತ್ತವೆ, ಪತ್ತೇದಾರರ ಸಂಕೇತದ ಹಾಗೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಕೊನೆಯ ಮೂರು ತಿಂಗಳು. ಅಂಕಿ ಇಸವಿಯನ್ನು ಹೇಳುತ್ತದೆ. ಆ ಹೊತ್ತಿಗೆ ಈ ಸಿಲಿಂಡರಿನ ಗಟ್ಟಿತನವನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಎಂದರ್ಥ. ಗಡುವು ದಾಟಿದ ಸಿಲಿಂಡರ್ ಬಂದರೆ ಮನೆಯವರಿಗೆ ಹೇಳಿ, ಅದನ್ನು ಬದಲಿಸಿ ಕೊಡಬೇಕು. ನಮ್ಮ ಉಳಿತಾಯದ ಮಾತಿಗೆ ಇದು ಸೇರಿದ್ದಲ್ಲ, ಆದರೂ ಇಷ್ಟು ಹತ್ತಿರ ಬಂದು ಇದನ್ನು ಹೇಳದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಒಳಗೆ ಇರುವುದು ಗಾಳಿಯಂಥ ವಸ್ತು ಅಂದುಕೊಂಡಿದ್ದೀರಾ? ಹೆಚ್ಚಿನ ಭಾಗ ನೀರಿನಂತೆ ತೆಳ್ಳಗಿರುವ ದ್ರವ. ಒತ್ತಡ ಹಾಕಿ ಹಾಕಿ ಗ್ಯಾಸನ್ನು ದ್ರವವಾಗಿಸಿ ತುಂಬಿರುತ್ತಾರೆ. ಅದು ಹೊರಗೆ ಬಂದು ಮತ್ತೆ ಗ್ಯಾಸಾದರೆ ಸುಮಾರು 250 ಪಟ್ಟು ಜಾಗ ಬೇಕು. ಅಷ್ಟನ್ನೂ ಹಿಡಿದಿಟ್ಟುಕೊಳ್ಳಬೇಕು ಎಂದೇ ಸಿಲಿಂಡರಿಗೆ ಅಷ್ಟು ದಪ್ಪದ ಉಕ್ಕಿನ ಮೈ.

ಹಾಗಾದರೆ ಈಗ ಒಳಗೆ ಎಷ್ಟು ಉಳಿದಿದೆ? ಉಕ್ಕಿನ ಗೋಡೆಯ ಆಚೆ ನೋಡುವುದು ಹೇಗೆ? ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಸಿಲಿಂಡರಿನ ಒಂದು ಪಕ್ಕವನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿ. ಸುಮ್ಮನೆ ನೋಡುತ್ತಾ ಕೂರಿ. ಮೇಲಿನ ಭಾಗದ ಒದ್ದೆ ಬೇಗ ಆರುತ್ತದೆ, ಕೆಳಗಿನ ಭಾಗದ ಒದ್ದೆ ನಿಧಾನಕ್ಕೆ ಆರುತ್ತದೆ. ನಡುವೆ ಒಂದು ಗೆರೆ ಮೂಡುತ್ತದೆ. ಒಳಗಿನ ದ್ರವ ಇರುವುದು ಆ ಗೆರೆಯವರೆಗೆ! ದ್ರವ ಇರುವ ಕಡೆ ಉಕ್ಕು ಬೇಗ ಬಿಸಿಯಾಗುವುದಿಲ್ಲ, ಏಕೆಂದರೆ ಅದಕ್ಕೆ ತಾಗಿದ ಬಿಸಿಯನ್ನೆಲ್ಲ ಒಳಗಿನ ದ್ರವ ಎಳೆದುಕೊಳ್ಳುತ್ತಿರುತ್ತದೆ. ತಣ್ಣಗಿರುವ ಕಡೆ ಒದ್ದೆ ಆರಲು ಹೊತ್ತು ಹಿಡಿಯುತ್ತದೆ. ಒಲೆ ಉರಿಯುತ್ತಿರುವಾಗ ಈ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನು ಕ್ಯಾಲೆಂಡರಿಗೆ ಬನ್ನಿ. ಹೊಸ ಸಿಲಿಂಡರ್ ಜೋಡಿಸಿದ ದಿನದ ಮೇಲೆ ಒಂದು ಗುರುತು, ಅದು ಮುಗಿದ ದಿನ ಇನ್ನೊಂದು ಗುರುತು. 40 ದಿನ ಬಂತು ಅನ್ನಿ. 14,200 ಗ್ರಾಂ ಅನ್ನು 40ರಿಂದ ಭಾಗಿಸಿದರೆ ದಿನಕ್ಕೆ 355 ಗ್ರಾಂ. ತಿಂಡಿ, ಕಾಫಿ, ಎರಡು ಹೊತ್ತಿನ ಊಟ, ಹಾಲು ಕಾಯಿಸಿದ್ದು, ಎಲ್ಲ ಸೇರಿ ಅಷ್ಟು. ನಿಮ್ಮ ಮನೆಯ ಅಂಕಿ ಬೇರೆ ಇರುತ್ತದೆ. ಮನೆಯಲ್ಲಿ ಎಷ್ಟು ಜನ, ಸ್ನಾನದ ನೀರು ಎಲ್ಲಿ ಕಾಯುತ್ತದೆ, ಹಬ್ಬಕ್ಕೆ ನೆಂಟರು ಬಂದಿದ್ದರೋ ಹೇಗೆ, ಇವೆಲ್ಲ ಅದರೊಳಗೆ ಸೇರಿವೆ. ಆ ಅಂಕಿ ಗೊತ್ತಾದ ಮೇಲೆ ಮನೆಮಂದಿ ಎಲ್ಲ ಸೇರಿ ಅದನ್ನು ಇಳಿಸುವ ಆಟ ಆಡಬಹುದು. ಆಟಕ್ಕೆ ಮುಂಚೆ ಎದುರಾಳಿ ಯಾರೆಂದು ತಿಳಿಯಬೇಕಲ್ಲ?

ನನ್ನ ಎಣಿಕೆಯಲ್ಲಿ ಎದುರಾಳಿ ಹಬೆ. ಪಾತ್ರೆಯಿಂದ ಸುಮ್ಮನೆ ಮೇಲೇಳುವ, ಕಿಟಕಿಯಾಚೆ ಹೋಗಿಬಿಡುವ ಹಬೆ.

ಇದನ್ನು ನಂಬಿಸಲು ಸ್ವಲ್ಪ ಒಳಗೆ ಇಣುಕಬೇಕು. ನೀರು ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳ ಗುಂಪು. ಆ ಕಣಗಳಿಗೆ ಅಣು ಅನ್ನುತ್ತೇವೆ. ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಕೈಕೈ ಹಿಡಿದುಕೊಂಡು ಓಡಾಡುವ ಆಟವನ್ನು ನೆನೆಸಿಕೊಳ್ಳಿ. ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯಬಹುದು, ಗುಂಪು ಬಿಟ್ಟು ಹೋಗುವ ಹಾಗಿಲ್ಲ. ನೀರಿನ ಅಣುಗಳೂ ಒಂದನ್ನೊಂದು ಹಾಗೆ ಎಳೆದುಕೊಂಡೇ ಇರುತ್ತವೆ. ಒಲೆ ಹಚ್ಚಿದರೆ ಅವುಗಳ ಕುಣಿತ ಜೋರಾಗುತ್ತದೆ. ನೀರು ಬಿಸಿಯಾಗುವುದು ಅಂದರೆ ಅಷ್ಟೇ, ಅಣುಗಳ ಕುಣಿತ ಹೆಚ್ಚಾಗುವುದು.

ಒಂದು ಅಣು ಹಬೆಯಾಗಿ ಹೊರಗೆ ಹಾರಬೇಕಾದರೆ ಹಿಡಿದಿದ್ದ ಎಲ್ಲ ಕೈಗಳನ್ನೂ ಕಿತ್ತುಕೊಳ್ಳಬೇಕು. ಕುಣಿಯುವುದು ಸುಲಭ, ಕಿತ್ತುಕೊಳ್ಳುವುದು ತುಂಬಾ ಕಷ್ಟ. ಅದಕ್ಕೆ ಬೇಕಾದ ಬಲವನ್ನೂ ಒಲೆಯೇ ಕೊಡಬೇಕು.

ಎಷ್ಟು ಕಷ್ಟ ಅಂದರೆ, ಒಂದು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರಲು ಒಂದು ಪಾಲು ಬಿಸಿ ಬೇಕು ಎಂದಿಟ್ಟುಕೊಳ್ಳಿ. ಅದೇ ನೀರು ಪೂರ್ತಿ ಹಬೆಯಾಗಿ ಪಾತ್ರೆ ಬರಿದಾಗಲು ಅದರ ಮೇಲೆ ಇನ್ನೂ ಏಳು ಪಾಲು ಬೇಕು. ಏಳು! ಸ್ಕಾಟ್ಲೆಂಡಿನಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಮೇಷ್ಟ್ರಿದ್ದರು, ವೈದ್ಯರೂ ಆಗಿದ್ದರು. 1760ರ ದಶಕದಲ್ಲಿ ಅವರು ಪಾತ್ರೆಯಲ್ಲಿ ನೀರಿಟ್ಟು, ಕುದಿ ಬರಲು ಎಷ್ಟು ಹೊತ್ತು, ಅದೇ ಉರಿಯಲ್ಲಿ ಪೂರ್ತಿ ಆರಿಹೋಗಲು ಎಷ್ಟು ಹೊತ್ತು ಎಂದು ನೋಡಿದರು. ಎರಡನೆಯದಕ್ಕೆ ಮೊದಲನೆಯದರ ಹಲವು ಪಟ್ಟು ಸಮಯ ಹಿಡಿಯಿತು. ಉರಿ ಒಂದೇ ಸಮ ಉರಿಯುತ್ತಿದೆ, ನೀರು ಮಾತ್ರ ಇನ್ನಷ್ಟು ಬಿಸಿಯಾಗುತ್ತಿಲ್ಲ. ಹಾಗಾದರೆ ಅಷ್ಟು ಬಿಸಿ ಎಲ್ಲಿಗೆ ಹೋಯಿತು? ಹಬೆಯೊಳಗೆ ಅಡಗಿ ಹೊರಟುಹೋಯಿತು. ನಿಮ್ಮ ಮೇಲಿನ ತರಗತಿಯ ಪುಸ್ತಕದಲ್ಲಿ ಇದು ಗುಪ್ತೋಷ್ಣ ಎಂಬ ಹೆಸರಿನಲ್ಲಿ ಬರುತ್ತದೆ. ಆಗ ಹೆದರಬೇಡಿ, ಇದೇ ನಮ್ಮ ಹಬೆ.

ಈಗ ಇದನ್ನು ಗ್ಯಾಸಿನ ಲೆಕ್ಕಕ್ಕೆ ತರೋಣ. ನಮ್ಮ ದೇಶದ ಮಾನಕದ ಪ್ರಕಾರ ಮನೆಯ ಗ್ಯಾಸ್ ಒಲೆ ತಾನು ಹುಟ್ಟಿಸಿದ ಬಿಸಿಯ ನೂರು ಪಾಲಿನಲ್ಲಿ ಕನಿಷ್ಠ 68 ಪಾಲನ್ನು ಪಾತ್ರೆಗೆ ಮುಟ್ಟಿಸಬೇಕು. ಉಳಿದದ್ದು ಸುತ್ತಲಿನ ಗಾಳಿಗೆ, ಗೋಡೆಗೆ, ಒಲೆಯ ಮುಂದೆ ನಿಂತವರ ಮುಖಕ್ಕೆ. ಅಂಥ ಒಲೆಯಲ್ಲಿ ಒಂದು ಲೀಟರ್ ನೀರಿಗೆ ಕುದಿ ಬರಿಸಲು ಸುಮಾರು 10 ಗ್ರಾಂ ಗ್ಯಾಸ್ ಬೇಕು. ಒಂದು ಲೀಟರ್ ನೀರನ್ನು ಹಬೆ ಮಾಡಿ ಓಡಿಸಲು ಸುಮಾರು 70 ಗ್ರಾಂ.

ಒಂದು ಮನೆಯಲ್ಲಿ ಮುಚ್ಚಳ ಮುಚ್ಚದೆ, ಜೋರು ಉರಿಯಲ್ಲಿ ಕೊತಕೊತ ಕುದಿಸುವುದರಿಂದ ದಿನಕ್ಕೆ ಅರ್ಧ ಲೀಟರ್ ನೀರು ಸುಮ್ಮನೆ ಹಬೆಯಾಗುತ್ತದೆ ಅನ್ನಿ. ಬೆಳಗ್ಗೆ ಬೇಳೆ, ಮಧ್ಯಾಹ್ನ ಪಲ್ಯ, ರಾತ್ರಿ ಸಾರು, ಎಲ್ಲ ಸೇರಿದರೆ ಅರ್ಧ ಲೀಟರ್ ದೊಡ್ಡದೇನಲ್ಲ. ಅದಕ್ಕೆ 35 ಗ್ರಾಂ ಗ್ಯಾಸ್. ಈಗ 35 ಅನ್ನು 365ರಿಂದ ಗುಣಿಸಿ ನೋಡಿ. ನಾನು ಕಾಯುತ್ತೇನೆ.

12,775 ಗ್ರಾಂ ಬಂತೇ? ಹತ್ತಿರ ಹತ್ತಿರ 13 ಕಿಲೋ. ಒಂದು ತುಂಬಿದ ಸಿಲಿಂಡರಿಗೆ ಒಂದೂವರೆ ಕಿಲೋ ಕಡಿಮೆ, ಅಷ್ಟೇ. ವರ್ಷಕ್ಕೆ ಒಂದು ಸಿಲಿಂಡರ್ ಅನ್ನ ಬೇಯಿಸದೆ, ಹಾಲು ಕಾಯಿಸದೆ, ಕಿಟಕಿಯಿಂದ ಹೊರಗೆ ನಡೆದುಹೋಯಿತು! ಅದರ ಬೆಲೆ ಎಷ್ಟು ಎಂಬುದು ನಿಮ್ಮ ಮನೆಯ ರಸೀದಿಯಲ್ಲೇ ಇದೆ, ತೆಗೆದು ನೋಡಿ.

ನಾನು ಹೇಳಿದೆ ಎಂದು ನಂಬಬೇಡಿ, ಅಳೆದು ನೋಡಿ. ಮನೆಯಲ್ಲಿ ಹೇಗೂ ನೀರು ಕುದಿಸುವ ದಿನ ಇದನ್ನು ಮಾಡಿ. ಉಳಿತಾಯ ಕಲಿಯಲೆಂದು ಗ್ಯಾಸ್ ಖರ್ಚು ಮಾಡಿದರೆ ಅಮ್ಮ ಬೈದಾರು. ಒಂದು ಲೀಟರ್ ನೀರನ್ನು ತೆರೆದ ಪಾತ್ರೆಯಲ್ಲಿ ದೊಡ್ಡವರು ಒಲೆಯ ಮೇಲಿಡಲಿ. ಕುದಿ ಬಂದ ಮೇಲೆ ಜೋರು ಉರಿಯಲ್ಲೇ ಹತ್ತು ನಿಮಿಷ ಬಿಟ್ಟು ಆರಿಸಲಿ. ಪೂರ್ತಿ ತಣ್ಣಗಾದ ಮೇಲೆ ನೀವು ಅಳೆಯಿರಿ. ಇನ್ನೊಂದು ದಿನ ಅಷ್ಟೇ ನೀರು, ಅದೇ ಪಾತ್ರೆ, ಮೇಲೆ ಮುಚ್ಚಳ, ಕುದಿ ಬಂದ ಕೂಡಲೇ ಉರಿಯನ್ನು ಪೂರ್ತಿ ಸಣ್ಣದು ಮಾಡಿ ಹತ್ತು ನಿಮಿಷ. ಎರಡು ದಿನ ಮಾಯವಾದ ನೀರನ್ನು ಅಕ್ಕಪಕ್ಕ ಬರೆದಿಡಿ. ಪಾತ್ರೆಯಲ್ಲಿ ಉಳಿದ ನೀರನ್ನು ಚೆಲ್ಲಬೇಡಿ, ಕುಡಿಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ.

ಮುಚ್ಚಳ ಏನು ಮಾಡುತ್ತದೆ ಎಂದು ಅದನ್ನು ತೆಗೆಯುವಾಗ ಗಮನಿಸಿ. ಒಳಮೈ ತುಂಬ ಹನಿಗಳಿರುತ್ತವೆ. ಹೊರಗೆ ಓಡಲು ಹೊರಟ ಹಬೆ ಅಲ್ಲಿ ತಾಗಿ, ಹೊತ್ತುಕೊಂಡಿದ್ದ ಬಿಸಿಯನ್ನು ಮುಚ್ಚಳಕ್ಕೆ ಒಪ್ಪಿಸಿ, ಮತ್ತೆ ನೀರಾಗಿ ಪಾತ್ರೆಗೇ ಇಳಿಯುತ್ತಿತ್ತು. ಬಿಸಿಯ ಬಹುಭಾಗ ಒಳಗೇ ಸುತ್ತುತ್ತಿರುವುದರಿಂದ ಸಣ್ಣ ಉರಿಯೂ ಸಾಕಾಗುತ್ತದೆ. ಮುಚ್ಚಳವನ್ನು ನಿಮ್ಮ ಕಡೆಗೆ ವಾಲಿಸಿ ಮಾತ್ರ ತೆಗೆಯಬೇಡಿ. ಹಬೆ ಕೈಗೆ ತಾಗಿದರೆ ಅದು ಅಡಗಿಸಿಕೊಂಡ ಏಳು ಪಾಲು ಬಿಸಿಯೂ ಚರ್ಮಕ್ಕೇ ಇಳಿಯುತ್ತದೆ, ಬಿಸಿನೀರಿಗಿಂತ ಕೆಟ್ಟ ಸುಡುವಿಕೆ ಅದು.

ಸಣ್ಣ ಉರಿಯಲ್ಲಿ ಬೇಯಲು ತಡವಾಗುವುದಿಲ್ಲವೇ ಎಂದು ಕೇಳುತ್ತೀರಿ. ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಏಕೆಂದರೆ ದೊಡ್ಡವರಲ್ಲೂ ಬಹಳ ಮಂದಿ ಜೋರಾಗಿ ಕುದಿದರೆ ಬೇಗ ಬೇಯುತ್ತದೆ ಎಂದುಕೊಂಡಿದ್ದಾರೆ. ನಿಮ್ಮ ವಿಜ್ಞಾನದ ಮೇಷ್ಟ್ರು ಶಾಲೆಯ ಉಷ್ಣಮಾಪಕವನ್ನು ಕುದಿಯುವ ನೀರಿನಲ್ಲಿ ಇಳಿಸಿ ತೋರಿಸಲಿ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟೇ ಏರಿಸಿ, ಉಷ್ಣಮಾಪಕ ಅಲ್ಲೇ ನಿಂತುಬಿಡುತ್ತದೆ. ಗುಳ್ಳೆಗಳು ಜಾಸ್ತಿಯಾಗುತ್ತವೆ, ಸದ್ದು ಜಾಸ್ತಿಯಾಗುತ್ತದೆ, ಹಬೆ ಜಾಸ್ತಿಯಾಗುತ್ತದೆ, ಬಿಸಿಯ ಮಟ್ಟ ಮಾತ್ರ ಏರುವುದಿಲ್ಲ. ಬೇಳೆಗೆ ಗೊತ್ತಾಗುವುದು ನೀರಿನ ಬಿಸಿ ಒಂದೇ. ನೀರು ಮೆಲ್ಲಗೆ ಮಿಡುಕುತ್ತಿದ್ದರೂ, ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತಿದ್ದರೂ ಬೇಳೆ ಬೇಯುವ ಹೊತ್ತು ಹೆಚ್ಚುಕಡಿಮೆ ಒಂದೇ.

ಉಷ್ಣಮಾಪಕ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಒಂದು ತಮಾಷೆಯಿದೆ. ಮಂಗಳೂರಿನ ಸಮುದ್ರದ ದಂಡೆಯಲ್ಲಿ 100 ಡಿಗ್ರಿ. ಬೆಂಗಳೂರಿನಲ್ಲಿ ಸುಮಾರು 97. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿಯಷ್ಟು ಕಡಿಮೆ. ಮುಳ್ಳಯ್ಯನಗಿರಿಯ ತುದಿಗೆ ಒಲೆ ಹೊತ್ತುಕೊಂಡು ಹೋದರೆ 94ರ ಆಸುಪಾಸು. ನಮ್ಮ ತಲೆಯ ಮೇಲಿನ ಗಾಳಿಗೂ ಭಾರವಿದೆ. ಅದು ನೀರನ್ನು ಮೇಲಿನಿಂದ ಒತ್ತಿ ಹಿಡಿದಿರುತ್ತದೆ. ಎತ್ತರಕ್ಕೆ ಹೋದಷ್ಟೂ ಮೇಲಿರುವ ಗಾಳಿ ಕಡಿಮೆ, ಒತ್ತುವ ಭಾರ ಕಡಿಮೆ, ಅಣುಗಳು ಕೈ ಬಿಡಿಸಿಕೊಂಡು ಓಡಲು ಅಡ್ಡಿ ಕಡಿಮೆ. 300 ಮೀಟರ್ ಏರಿದರೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿದರೆ ಬೆಂಗಳೂರಿನ ಅಕ್ಕನಿಗಿಂತ ಮಂಗಳೂರಿನ ಅಕ್ಕನದು ಕೊಂಚ ಬೇಗ ಬೇಯುತ್ತದೆ. ಕೈಗುಣದ ಜಗಳಕ್ಕೆ ಮುಂಚೆ ಊರಿನ ಎತ್ತರ ಕೇಳಿಕೊಳ್ಳುವುದು ಒಳ್ಳೆಯದು.

ಮೇಲಿನ ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಹಾಗಾದರೆ ಒತ್ತಡವನ್ನು ಹೆಚ್ಚಿಸಿದರೆ? ಸರಿಯಾಗಿ ಊಹಿಸಿದಿರಿ, ಇನ್ನೂ ಹೆಚ್ಚು ಬಿಸಿಯಾದ ಮೇಲೆಯೇ ಕುದಿಯುತ್ತದೆ. ಕುಕ್ಕರಿನ ಗುಟ್ಟು ಇದೇ. ಗ್ಯಾಸ್ಕೆಟ್ ಹಾಕಿ ಬಿಗಿಯಾಗಿ ಮುಚ್ಚಿದ ಪಾತ್ರೆಯೊಳಗೆ ಹಬೆ ತುಂಬಿಕೊಂಡು ತಾನೇ ನೀರನ್ನು ಒತ್ತುತ್ತದೆ. ಒಳಗಿನ ನೀರು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಇಪ್ಪತ್ತೇ ಡಿಗ್ರಿ ಹೆಚ್ಚು, ಆದರೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಟ ಹಿಡಿಯುವ ತೊಗರಿಬೇಳೆ ಇಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಕರಗುತ್ತದೆ.

ಇದನ್ನು ಮೊದಲು ಮಾಡಿದವರು ಫ್ರಾನ್ಸಿನ ಡೆನಿ ಪ್ಯಾಪಿನ್. 1679ರಲ್ಲಿ ಲಂಡನ್ನಿನಲ್ಲಿ ಅವರು ಬಿಗಿ ಮುಚ್ಚಳದ ಕಬ್ಬಿಣದ ಪಾತ್ರೆಯೊಂದನ್ನು ತೋರಿಸಿದರು. ಒತ್ತಡ ಮಿತಿಮೀರಿದರೆ ಪಾತ್ರೆ ಸಿಡಿದೀತಲ್ಲ? ಅದಕ್ಕೆ ಹಬೆಯನ್ನು ತಾನಾಗಿ ಹೊರಬಿಡುವ ಒಂದು ಕವಾಟವನ್ನೂ ಅವರೇ ಸೇರಿಸಿದರು. ನಮ್ಮ ಕುಕ್ಕರಿನ ತಲೆಯ ಮೇಲೆ ಕೂರುವ ವೆಯ್ಟ್ ಆ ಕವಾಟದ ಮೊಮ್ಮಗ. 1682ರಲ್ಲಿ ರಾಯಲ್ ಸೊಸೈಟಿಯ ವಿಜ್ಞಾನಿಗಳಿಗೆ ಅವರು ಅದರಲ್ಲೇ ಅಡುಗೆ ಮಾಡಿ ಬಡಿಸಿದರು. ಗಟ್ಟಿ ಮೂಳೆಗಳೂ ಮೆತ್ತಗೆ ಬೆಂದಿದ್ದವು ಎಂದು ಅತಿಥಿಗಳಲ್ಲಿ ಒಬ್ಬರಾದ ಜಾನ್ ಎವ್ಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಕುಕ್ಕರ್ ಕೂಗಿದಾಗ ಏನಾಗುತ್ತದೆ? ಒಳಗೆ ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಸೇರಿತು, ವೆಯ್ಟ್ ಮೇಲೆದ್ದಿತು, ಹೆಚ್ಚಾದ ಹಬೆ ಹೊರಗೆ ಹೋಯಿತು. ಒಂದೊಂದು ಕೂಗೂ ಹಬೆಯ ಜೊತೆ ಒಂದಿಷ್ಟು ಗ್ಯಾಸನ್ನು ಕಿಟಕಿಯತ್ತ ಕಳಿಸುತ್ತದೆ. ಮೊದಲ ಕೂಗಿನ ಹೊತ್ತಿಗೇ ಒಳಗೆ ಪೂರ್ತಿ ಬಿಸಿ ಬಂದಿರುತ್ತದೆ. ಆಮೇಲೆ ಉರಿಯನ್ನು ಸಿಮ್‌ಗೆ ಇಳಿಸಿ ವೆಯ್ಟ್ ಸಣ್ಣಗೆ ಬುಸುಗುಡುವಷ್ಟು ಇಟ್ಟರೂ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ. ಅದಕ್ಕೇ ನನಗೆ ಕೂಗು ಎಣಿಸುವ ಪದ್ಧತಿಯ ಮೇಲೆ ಅಷ್ಟು ನಂಬಿಕೆ ಇಲ್ಲ. ಜೋರು ಉರಿಯಲ್ಲಿ ನಾಲ್ಕು ಕೂಗು ಬೇಗ ಮುಗಿದುಹೋಗುತ್ತವೆ, ಸಣ್ಣ ಉರಿಯಲ್ಲಿ ಎಷ್ಟೋ ಹೊತ್ತು ಹಿಡಿಯುತ್ತವೆ. ನಿಮ್ಮ ಮನೆಯ ಮೂರು ಕೂಗು ಪಕ್ಕದ ಮನೆಯ ಮೂರು ಕೂಗು ಅಲ್ಲ. ಗಡಿಯಾರವಾದರೆ ಎರಡೂ ಮನೆಗೆ ಒಂದೇ. ಗಡಿಯಾರ ನೋಡಿ ಹೇಳುವ ಕೆಲಸ ನೀವು ವಹಿಸಿಕೊಳ್ಳಿ.

ಒಲೆ ಆರಿಸಿದ ಮೇಲೂ ಕುಕ್ಕರಿನೊಳಗೆ ಬೇಯುವ ಕೆಲಸ ಮುಗಿದಿರುವುದಿಲ್ಲ, ಒತ್ತಡ ತಾನಾಗಿ ಇಳಿಯುವವರೆಗೂ ನಡೆಯುತ್ತಿರುತ್ತದೆ. ಅವಸರವಿಲ್ಲದ ದಿನ ಆ ಬಿಸಿಗೂ ಕೆಲಸ ಕೊಡಿ. ಕೆಳಗೆ ಬೇಳೆ, ಮೇಲಿನ ಡಬ್ಬಿಯಲ್ಲಿ ಅಕ್ಕಿ, ಅದರ ಮೇಲೆ ತರಕಾರಿ ಇಡುವ ಜಾಣತನ ನಮ್ಮ ಮನೆಗಳಿಗೆ ಹೊಸದಲ್ಲ. ಒತ್ತಡದ ಕುಕ್ಕರ್ ಮನೆಮನೆಗೆ ಬರುವ ಮೊದಲೇ, 1910ರಲ್ಲಿ ಕಲ್ಕತ್ತದ ಇಂದುಮಾಧವ ಮಲ್ಲಿಕ್ ಎಂಬುವರು ಡಬ್ಬಿಯ ಮೇಲೆ ಡಬ್ಬಿ ಇಟ್ಟು ಒಂದೇ ಇದ್ದಿಲ ಕೆಂಡದ ಹಬೆಯಲ್ಲಿ ಇಡೀ ಊಟ ಬೇಯಿಸುವ ಇಕ್ಮಿಕ್ ಕುಕ್ಕರ್ ಮಾಡಿದ್ದರು.

ಬೆಂಕಿಯೇ ಇಲ್ಲದೆ ಅಡುಗೆಯ ಅರ್ಧ ಕೆಲಸ ಮಾಡಿಸುವ ಉಪಾಯವೂ ಒಂದಿದೆ, ರಾತ್ರಿ ಕಾಳು ನೆನೆಹಾಕುವುದು. ಒಣಗಿದ ಕಡಲೆಕಾಳಿಗೆ ಬಿಸಿಯೊಂದೇ ಸಾಲದು, ಒಳಗಿನವರೆಗೆ ನೀರು ಹೋಗಬೇಕು. ಸಿಪ್ಪೆ ಗಟ್ಟಿ, ದಾರಿ ಕಿರಿದು. ನೆನೆಸದೆ ಒಲೆಯ ಮೇಲಿಟ್ಟರೆ, ನೀರು ನುಸುಳುವವರೆಗೂ ಗ್ಯಾಸ್ ಉರಿಯುತ್ತಾ ಕಾಯಬೇಕು. ರಾತ್ರಿಯೇ ನೆನೆಸಿದರೆ ನೀವು ಮಲಗಿರುವಾಗ ನೀರು ಪುಕ್ಕಟೆ ಒಳಗೆ ಹೋಗಿ ಕೂತಿರುತ್ತದೆ.

ಇದನ್ನು ನೋಡುವುದೂ ಚೆಂದ. ದೊಡ್ಡ ಅವರೆಕಾಳೋ ಅಲಸಂದೆಯೋ ಒಂದು ಗಾಜಿನ ಲೋಟದಲ್ಲಿ ನೆನೆಹಾಕಿ. ಮೊದಲು ಸಿಪ್ಪೆ ಸುಕ್ಕುಗಟ್ಟುತ್ತದೆ. ನೀರಿನಲ್ಲಿದ್ದೂ ಸುಕ್ಕೇ ಎಂದು ಬೆರಗಾಗಬೇಡಿ. ಸಿಪ್ಪೆ ಬೇಗ ನೀರು ಕುಡಿದು ಅಗಲವಾಯಿತು, ಒಳಗಿನ ಬೇಳೆ ಇನ್ನೂ ಉಬ್ಬಿಲ್ಲ, ಅಣ್ಣನ ಅಂಗಿ ತಮ್ಮನಿಗೆ ದೊಗಲೆಯಾದಂತೆ ಅಷ್ಟೇ. ಕೆಲವು ಗಂಟೆಯಲ್ಲಿ ಬೇಳೆಯೂ ಉಬ್ಬಿ ಸಿಪ್ಪೆಯನ್ನು ತುಂಬಿಕೊಳ್ಳುತ್ತದೆ. ಆಗ ಬೆರಳಿನಲ್ಲಿ ಒತ್ತಿದರೆ ಅವರೆ ಪಿಚಕ್ಕನೆ ಸಿಪ್ಪೆಯಿಂದ ಹೊರಗೆ ಜಿಗಿಯುತ್ತದೆ. ಹಿತಕಿದ ಅವರೆಬೇಳೆಯ ಸಾರು ತಿಂದವರಿಗೆ ಈ ಮಾತು ಓದುವಾಗಲೇ ಬಾಯಲ್ಲಿ ನೀರು ಬಂದಿರಬೇಕು. ಕಡಲೆಕಾಳನ್ನು ನೆನೆಸುವ ಮೊದಲು, ನೆನೆಸಿದ ಮೇಲೆ ತೂಗಿ ನೋಡಿ. ತೂಕ ಸುಮಾರು ಎರಡು ಪಟ್ಟಾಗಿರುತ್ತದೆ. ಹೆಚ್ಚಾದದ್ದೆಲ್ಲ ಒಳಹೊಕ್ಕ ನೀರು.

ಸಣ್ಣಪುಟ್ಟ ಸಂಗತಿಗಳು ಇನ್ನೂ ಇವೆ. ತೊಳೆದ ಪಾತ್ರೆಯ ತಳ ಒರೆಸದೆ ಒಲೆಯ ಮೇಲಿಟ್ಟರೆ ಆ ಹನಿಗಳೂ ಏಳು ಪಾಲಿನ ಸುಂಕ ಕೇಳುತ್ತವೆ: 20 ಗ್ರಾಂ ಹನಿ ಆರಿಸುವ ಬಿಸಿಯಲ್ಲಿ ಒಂದು ಸಣ್ಣ ಲೋಟ ನೀರು ಕುದಿಯುತ್ತಿತ್ತು. ಜ್ವಾಲೆ ಪಾತ್ರೆಯ ಅಂಚು ದಾಟಿ ಮೇಲೆ ನೆಕ್ಕುತ್ತಿದ್ದರೆ ಅಷ್ಟೂ ಗಾಳಿಗೆ. ಉರಿ ನೀಲಿ ಬಿಟ್ಟು ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ, ಉರಿದು ಬಿಸಿ ಕೊಡಬೇಕಿದ್ದ ಇಂಗಾಲ ಮಸಿಯಾಗಿ ಅಂಟಿಕೊಳ್ಳುತ್ತಿದೆ ಎಂದರ್ಥ, ಬರ್ನರ್ ಶುಚಿ ಮಾಡಿಸಬೇಕು.

ಬಿಸಿಯನ್ನು ಹಿಡಿದಿಡುವ ಈ ಯೋಚನೆಯನ್ನು ನಮ್ಮ ನಾಡಿನಲ್ಲಿ ಬಹಳ ದೊಡ್ಡದಾಗಿ ಮಾಡಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳ ಕೆಲಸಕ್ಕೆಂದೇ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರ ಕೇಂದ್ರವಿತ್ತು. ಆ ಕಡೆಯ ಹಳ್ಳಿಗಳಲ್ಲಿ ಖರ್ಚಾಗುವ ಶಕ್ತಿಯ ಲೆಕ್ಕ ತೆಗೆದರೆ ಬಹುಪಾಲು ಅಡುಗೆಯ ಸೌದೆಯೇ! ಮೂರು ಕಲ್ಲಿನ ಒಲೆಯಲ್ಲಿ ಬೆಂಕಿ ಎಲ್ಲ ಕಡೆಗೂ ತೆರೆದಿರುತ್ತದೆ, ಪಾತ್ರೆಗೆ ಮುಟ್ಟುವುದು ಸ್ವಲ್ಪವೇ. ವಿಜ್ಞಾನಿಗಳು ಮಣ್ಣಿನಿಂದಲೇ ಮುಚ್ಚಿದ ಒಲೆ ಮಾಡಿದರು. ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಮೇಲೆ ಸಾಲಾಗಿ ಮೂರು ಪಾತ್ರೆಗೆ ಜಾಗ, ಕೊನೆಗೆ ಹೊಗೆ ಹೋಗಲು ಚಿಮಣಿ. ಬಿಸಿಗಾಳಿ ಚಿಮಣಿ ಸೇರುವ ಮುಂಚೆ ಮೂರೂ ಪಾತ್ರೆಗಳ ತಳ ಸವರಿಕೊಂಡೇ ಹೋಗಬೇಕು. ಅದೇ ಅಸ್ತ್ರ ಒಲೆ. ಸೌದೆ ಕಡಿಮೆ ಬೇಕಾಯಿತು, ಅಡುಗೆ ಮಾಡುವವರ ಕಣ್ಣಿಗೆ ಹೊಗೆಯೂ ತಪ್ಪಿತು. ಇಷ್ಟು ದೊಡ್ಡ ಸಂಸ್ಥೆಯ ವಿಜ್ಞಾನಿಗಳು ಮಣ್ಣು ಕಲಸಿ ಒಲೆ ಹಾಕಿದ್ದು ನನಗೆ ರಾಕೆಟ್ ಹಾರಿಸಿದಷ್ಟೇ ದೊಡ್ಡ ಸಂಗತಿ.

ಕೊನೆಗೆ ಒಂದು ಪ್ರಯೋಗ, ಭಾನುವಾರಕ್ಕೆ ಸರಿಯಾದದ್ದು. ಮಹಾಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಉರುವಲು ಸಾಲದಿದ್ದಾಗ, ಕುದಿಯುವ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟು ಅಡುಗೆ ಮುಗಿಸುತ್ತಿದ್ದರು. ನಮಗೆ ಪೆಟ್ಟಿಗೆ ಬೇಡ, ಹಳೆಯ ಉಣ್ಣೆಯ ಕಂಬಳಿ ಸಾಕು. ದಪ್ಪ ತಳದ ಪಾತ್ರೆಯಲ್ಲಿ ಎಸರು ಮರಳಿದ ಮೇಲೆ ನೆನೆಸಿದ ಅಕ್ಕಿ ಹಾಕಿ, ಮುಚ್ಚಳ ಮುಚ್ಚಿ ಐದಾರು ನಿಮಿಷ ಬೇಯಿಸಿ, ದೊಡ್ಡವರು ಒಲೆ ಆರಿಸಲಿ. ಪಾತ್ರೆಯನ್ನು ಒಲೆಯಿಂದ ದೂರಕ್ಕೆ ಇಳಿಸಿ, ದಪ್ಪ ಬಟ್ಟೆ, ಅದರ ಮೇಲೆ ಕಂಬಳಿ, ಸುತ್ತಲೂ ಸಂದಿಲ್ಲದಂತೆ ಹೊದಿಸಿ. ಮುಕ್ಕಾಲು ಗಂಟೆ ಮುಚ್ಚಳ ತೆಗೆಯಬೇಡಿ. ಇಣುಕಿ ನೋಡುವ ಆಸೆ ಬಂದರೆ ಒಂದು ಸುತ್ತು ಆಡಿಕೊಂಡು ಬನ್ನಿ. ಅಕ್ಕಿಯೊಳಗಿನ ಹಿಟ್ಟು ನೀರು ಹೀರಿ ಅನ್ನವಾಗಲು ಕುದಿಯುವಷ್ಟು ಬಿಸಿಯೇನೂ ಬೇಡ, ಅದಕ್ಕಿಂತ ಇಪ್ಪತ್ತು ಡಿಗ್ರಿ ಕಡಿಮೆಯಿದ್ದರೂ ಸಾಕು. ಕಂಬಳಿ ಅಷ್ಟನ್ನು ಕಾಪಾಡುತ್ತದೆ. ತೆರೆದ ಕೂಡಲೇ ಬಿಸಿಯಾಗಿ ಊಟ ಮಾಡಿಬಿಡಿ, ಉಗುರುಬೆಚ್ಚಗೆ ಗಂಟೆಗಟ್ಟಲೆ ಬಿಟ್ಟರೆ ಅನ್ನ ಕೆಡುತ್ತದೆ. ನಡುವೆ ಕಾಳು ಉಳಿದಿದ್ದರೆ ಮುಂದಿನ ವಾರ ಒಲೆಯ ಮೇಲೆ ಎರಡು ನಿಮಿಷ ಹೆಚ್ಚು ಇಡಿ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಹಳೆ ಅಕ್ಕಿಗೆ ಹೆಚ್ಚು ಬೇಕು. ಎಷ್ಟು ಹೆಚ್ಚು ಎಂದು ನನ್ನನ್ನು ಕೇಳಬೇಡಿ, ನಿಮ್ಮ ಅಜ್ಜಿಯನ್ನು ಕೇಳಿ. ಅವರು ಪಾತ್ರೆಯೊಳಗೆ ಬೆರಳಿಟ್ಟು, ಅಕ್ಕಿಯ ಮೇಲೆ ಇಷ್ಟು ಗೆಣ್ಣು ನೀರು ಎಂದು ತೋರಿಸುತ್ತಾರೆ.